ಹೂ ಮಸುಕು, ಹುಲ್ಲು ಸ್ಪಷ್ಟ: ಒಂದು ಗೇಣು ಹಿಂದೆ ಸರಿಯಿರಿ

ಪ್ರಶ್ನೆ: ಬೇಲಿ ಪಕ್ಕದ ತುಂಬೆ ಹೂವಿನ ಫೋಟೋ ಮೊಬೈಲಿನಲ್ಲಿ ತೆಗೆದರೆ ಹೂ ಮಸುಕಾಗುತ್ತದೆ, ಹಿಂದಿನ ಹುಲ್ಲು ಮಾತ್ರ ಸ್ಪಷ್ಟ. ಎಷ್ಟು ಹತ್ತಿರ ಹಿಡಿದರೂ ಇದೇ ಕಥೆ. ಬೇರೆ ಕ್ಯಾಮೆರಾ ಕೊಳ್ಳಬೇಕಾ?
– ಮೂಡಿಗೆರೆಯ ಓದುಗರು

ಬೇಡ. ‘ಎಷ್ಟು ಹತ್ತಿರ ಹಿಡಿದರೂ’ ಎಂದಿರಲ್ಲ, ಎಡವಟ್ಟು ಇರುವುದು ಅಲ್ಲೇ. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡರೆ ಅಕ್ಷರ ಕಾಣುತ್ತದೆಯೇ? ಲೆನ್ಸಿಗೂ ಅಂಥದ್ದೊಂದು ಗೆರೆ ಇದೆ. ಅದನ್ನು ದಾಟಿ ಒಳಗೆ ಬಂದದ್ದೆಲ್ಲ ಮಸುಕೇ. ಹಳೆಯ ಫೋನುಗಳ ಮುಖ್ಯ ಕ್ಯಾಮೆರಾಕ್ಕೆ ಸುಮಾರು 10 ಸೆಂ.ಮೀ. ಅಂತರ ಸಾಕಿತ್ತು. ಈಗಿನ ದುಬಾರಿ ಫೋನುಗಳಲ್ಲಿ ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ದೊಡ್ಡದು, ಹಾಗಾಗಿ 15–20 ಸೆಂ.ಮೀ. ಬೇಕಾಗುವುದೂ ಉಂಟು. ಹೊಸ ಫೋನ್ ತಂದ ಮೇಲೆ ಹೂ ಇನ್ನೂ ಕೆಟ್ಟದಾಗಿ ಬರುತ್ತಿದೆ ಎಂದು ಗೊಣಗುವವರ ಮಾತು ಸುಳ್ಳಲ್ಲ.

ಒಂದು ಗೇಣು ಹಿಂದೆ ಸರಿದು, ಜೂಮ್ 2ಕ್ಕೆ ಇಟ್ಟು ತೆಗೆಯಿರಿ. ಮಿಕ್ಕ ಹುಲ್ಲನ್ನು ಆಮೇಲೆ ಫೋಟೋದಲ್ಲೇ ಕತ್ತರಿಸಿದರಾಯಿತು.

ಇನ್ನು ಹುಲ್ಲೇ ಯಾಕೆ ಸ್ಪಷ್ಟವಾಗುತ್ತದೆ? ನಿಮಗೆ ಬೇಕಾದದ್ದು ಹೂವು ಎಂದು ಫೋನಿಗೇನು ಗೊತ್ತು? ಬೆಳಕು-ನೆರಳಿನ ಅಂಚು ಎಲ್ಲಿ ಹೆಚ್ಚೋ ಅತ್ತ ಅದರ ಫೋಕಸ್ ಓಡುತ್ತದೆ. ತುಂಬೆ ಹೂ ಬೆರಳುಗುರಿನಷ್ಟೂ ಇಲ್ಲ, ಹುಲ್ಲಿನ ಗರಿಗಳೋ ಚೌಕಟ್ಟಿನ ತುಂಬ. ನಾನು ಮಾಡುವುದಿಷ್ಟು: ಎಡಗೈಯನ್ನು ಹೂವಿನ ಬೆನ್ನಿಗೇ ಹಿಡಿಯುತ್ತೇನೆ. ಫೋಕಸ್ ಅಂಗೈಗೆ ಕೂರುತ್ತದೆ. ಪರದೆಯ ಮೇಲೆ ಅಲ್ಲೇ ಬೆರಳು ಒತ್ತಿ ಹಿಡಿದರೆ ಅದು ಲಾಕ್ ಆಗುತ್ತದೆ. ಆಮೇಲೆ ಕೈ ತೆಗೆದು, ಫೋನನ್ನು ಕೂದಲೆಳೆಯಷ್ಟು ಹಿಂದೆ-ಮುಂದೆ ಆಡಿಸುತ್ತ ನಾಲ್ಕಾರು ಫೋಟೋ. ಒಂದಾದರೂ ನೆಟ್ಟಗೆ ಬರುತ್ತದೆ.

ತುಂಬೆಯ ಬಿಳುಪಿಗೆ ಇನ್ನೊಂದು ಕಾಟವಿದೆ. ಸುತ್ತಲಿನ ಹಸಿರು ಕಪ್ಪಾಗಿದೆ ಎಂದು ಫೋನ್ ಬೆಳಕು ಏರಿಸುತ್ತದೆ, ಹೂ ಸುಣ್ಣ ಬಳಿದಂತಾಗುತ್ತದೆ. ಫೋಕಸ್ ಕೊಟ್ಟ ಮೇಲೆ ಪರದೆಯಲ್ಲಿ ಕಾಣುವ ಸೂರ್ಯನ ಗುರುತನ್ನು ಕೊಂಚ ಕೆಳಗೆ ಎಳೆಯಿರಿ. ಮೋಡದ ದಿನವಾದರೆ ಈ ರಗಳೆಯೇ ಕಡಿಮೆ. ಬಿಸಿಲಿದ್ದರೆ ಕೊಡೆ ಬಿಚ್ಚಿ. ಮಲೆನಾಡಿನವರ ಕೈಯಲ್ಲಿ ಅದು ಹೇಗೂ ಇರುತ್ತದಲ್ಲ.

ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ನನಗೆ ಸೇರದು. ಮುಟ್ಟಿದರೆ ಮುನಿಯ ಗುಲಾಬಿ ಚೆಂಡಿನ ಸುತ್ತ ಇರುವ ಎಳೆಗಳೆಲ್ಲ ಹೂವಿನ ಕೇಸರಗಳು. ಅವನ್ನು ಹಿನ್ನೆಲೆ ಎಂದು ತಿಳಿದು ಈ ಮೋಡ್ ಕ್ಷೌರ ಮಾಡಿಬಿಡುತ್ತದೆ. ಹೂವಿನ ಗುರುತಿರುವ ಮ್ಯಾಕ್ರೋ ಮೋಡ್? ನಿಮ್ಮ ಫೋನಿನ ಅಗಲ ನೋಟದ ಅಲ್ಟ್ರಾವೈಡ್ ಲೆನ್ಸಿಗೆ ಆಟೋಫೋಕಸ್ ಇದ್ದರೆ 2–3 ಸೆಂ.ಮೀ.ವರೆಗೂ ಹೋಗಬಹುದು, ಫೋನಿನ ನೆರಳು ಹೂವಿನ ಮೇಲೆ ಬೀಳದಂತೆ ನೋಡಿಕೊಂಡರೆ ಸರಿ. ಅಗ್ಗದ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಲೆನ್ಸ್ ಇದ್ದೂ ಇಲ್ಲದಂತೆ.

2022ರಲ್ಲಿ ಮುಳ್ಳಯ್ಯನಗಿರಿ ಕಡೆ ಕುರಿಂಜಿ ಅರಳಿದಾಗ ಬೆಟ್ಟಕ್ಕೆ ಜನವೋ ಜನ. ಅದು 12 ವರ್ಷಕ್ಕೊಮ್ಮೆ. ಕನ್ನೆಸೊಪ್ಪಿನ ನೀಲಿ ಹೂ ಮಳೆಗಾಲದ ಬೆಳಿಗ್ಗೆ ಬಸ್ ಸ್ಟಾಪಿನ ಚರಂಡಿ ಪಕ್ಕದಲ್ಲೇ ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮುದುಡಿರುತ್ತದೆ, ಆದ್ದರಿಂದ ಎಂಟೂವರೆ ಬಸ್ಸಿಗೆ ಕಾಯುವವರೇ ಅದೃಷ್ಟವಂತರು.

ಹುಲ್ಲಿನಲ್ಲಿ ಮಂಡಿಯೂರುವ ಮುಂಚೆ ಇಂಬಳ ನೋಡಿಕೊಳ್ಳಿ. ಹೋದ ಮಳೆಗಾಲ ನನ್ನ ಹಿಮ್ಮಡಿಗೆ ಹತ್ತಿದ್ದು ಹೊಟ್ಟೆ ತುಂಬಿ ಉದುರಿದ ಮೇಲೇ ಗೊತ್ತಾದದ್ದು. ಫೋಟೋ ಮಾತ್ರ ಅಲುಗಾಡಿರಲಿಲ್ಲ.