ಎರಡು ಪೈಪು, ಒಬ್ಬನೇ ಆಳು: ಪೈಥಾನಿನಿಂದ ಸೆಡ್‌ಗೆ ದತ್ತಾಂಶ ಕಳಿಸುವಾಗ ಕಲಿತದ್ದು

ಮೂಡಿಗೆರೆಯ ತೋಟದಲ್ಲೂ ಚಿಕ್ಕಮಗಳೂರಿನ ಮನೆಯಲ್ಲೂ ಬಿದ್ದ ಮಳೆಯನ್ನು ಅಪ್ಪ ಬರೆದಿಡುತ್ತಾರೆ. ದಿನಕ್ಕೊಂದು ಸಾಲು: ದಿನಾಂಕ, ಊರು, ಇಂಚು-ಸೆಂಟು, ಷರಾ. ಅದನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ನೋಡಿದರೆ ಅರ್ಧ ಕಡೆ ‘ಮೂಡ್ಗೆರೆ’, ಅರ್ಧ ಕಡೆ ‘ಮೂಡಿಗೆರೆ’. ತಿದ್ದಲು ಪೈಥಾನ್ ಭಾಷೆಯಲ್ಲೇ ಇರುವ ರಿಪ್ಲೇಸ್ ಸಾಕಿತ್ತು. ಆದರೆ ಪೈಥಾನಿನಿಂದ ಬೇರೆ ಪ್ರೋಗ್ರಾಂ ನಡೆಸುವ ಸಬ್‌ಪ್ರೊಸೆಸ್ ಕಲಿಯಲೇಬೇಕೆಂಬ ಹಟಕ್ಕೆ, ಪಠ್ಯವನ್ನು ಸಾಲುಸಾಲಾಗಿ ತಿದ್ದುವ ಸೆಡ್ ಎಂಬ ಪ್ರೋಗ್ರಾಂ ಅನ್ನು ಕರೆದೆ.

ಸಬ್‌ಪ್ರೊಸೆಸ್‌ನ ಪೋಪನ್‌ನಿಂದ ಸೆಡ್ ಶುರು ಮಾಡಿ, ಅದರ ಸ್ಟ್ಯಾಂಡರ್ಡ್ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಒಂದೊಂದು ಪೈಪ್, ಅಂದರೆ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ದತ್ತಾಂಶ ಸಾಗುವ ದಾರಿ, ಜೋಡಿಸಿದೆ. ಮೊದಲು ಎಲ್ಲವನ್ನೂ ಬರೆಯುವುದು, ಇನ್‌ಪುಟ್ ಮುಚ್ಚುವುದು, ಆಮೇಲೆ ಫಲಿತಾಂಶ ಓದುವುದು. ಒಂದು ವರ್ಷದ ಲೆಕ್ಕ ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. ಐದು ವರ್ಷದ್ದೂ ಮುಗಿಯಿತು. ಹತ್ತು ವರ್ಷದ ಕಡತ ಕೊಟ್ಟೆ, ನಿಂತಿತು. ದೋಷದ ಸಂದೇಶವಿಲ್ಲ, ಫ್ಯಾನಿನ ಸದ್ದೂ ಇಲ್ಲ. ಯಾವ ಪ್ರೋಗ್ರಾಂ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಪ್ ತೆರೆದು ನೋಡಿದರೆ ಪೈಥಾನ್ 0%, ಸೆಡ್ 0%. ಇಬ್ಬರೂ ನಿದ್ದೆಯಲ್ಲಿದ್ದರು.

ಎರಡು ದಿನ ಸೆಡ್‌ನ ಪ್ಯಾಟರ್ನನ್ನೇ ತಿದ್ದುತ್ತಾ ಕುಳಿತೆ. ತಪ್ಪು ಅಲ್ಲಿರಲೇ ಇಲ್ಲ.

ನನಗೆ ಅರ್ಥವಾದದ್ದು ಕಾಫಿ ಹಣ್ಣಿನ ಪಲ್ಪರ್ ನೆನಪಾದಾಗ. ಒಬ್ಬನೇ ಆಳು ಇದ್ದಾನೆ. ಚೀಲಗಳೆಲ್ಲ ಖಾಲಿಯಾಗುವವರೆಗೆ ಪಲ್ಪರಿನ ಬಾಯಿಗೆ ಹಣ್ಣು ಸುರಿಯುತ್ತೇನೆ, ಆಮೇಲಷ್ಟೇ ಹೋಗಿ ಕೆಳಗಿನ ತೊಟ್ಟಿ ಖಾಲಿ ಮಾಡುತ್ತೇನೆ ಎಂಬುದು ಅವನ ಹಟ. ತೊಟ್ಟಿ ತುಂಬಿದರೆ ಬೀಜ ಇಳಿಯಲು ಜಾಗವಿಲ್ಲ, ಪಲ್ಪರ್ ನಿಲ್ಲುತ್ತದೆ. ಪಲ್ಪರ್ ನಿಂತರೆ ಬಾಯಿ ತುಂಬುತ್ತದೆ. ಆಳು ಚೀಲ ಹಿಡಿದುಕೊಂಡು ಅಲ್ಲೇ ನಿಂತಿರುತ್ತಾನೆ. ನಾಲ್ಕು ಚೀಲವಿದ್ದ ದಿನ ಈ ಹಟ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಆಳು ನನ್ನ ಪೈಥಾನ್ ಪ್ರೋಗ್ರಾಂ, ಪಲ್ಪರ್ ಸೆಡ್, ಬಾಯಿ ಇನ್‌ಪುಟ್ ಪೈಪ್, ತೊಟ್ಟಿ ಔಟ್‌ಪುಟ್ ಪೈಪ್.

ತೊಟ್ಟಿಯ ಅಳತೆ ಎಷ್ಟು? ಲಿನಕ್ಸ್‌ನಲ್ಲಿ ಒಂದು ಪೈಪ್ ಸಾಮಾನ್ಯವಾಗಿ 65,536 ಬೈಟ್ ಹಿಡಿಯುತ್ತದೆ. ಹಾಗಾದರೆ ಅಷ್ಟಕ್ಕೇ ನಿಲ್ಲಬೇಕಲ್ಲವೇ ಎಂದು ಇನ್ನೊಮ್ಮೆ ಗೊಂದಲಕ್ಕೆ ಬಿದ್ದೆ, ಏಕೆಂದರೆ ಐದು ವರ್ಷದ ಕಡತ ಅದಕ್ಕಿಂತ ದೊಡ್ಡದಿತ್ತು. ಉತ್ತರ: ಪೈಪ್ ಎರಡಿವೆ. ಮೊದಲು ಸೆಡ್‌ನ ಔಟ್‌ಪುಟ್ ಪೈಪ್ ತುಂಬಬೇಕು, ಆಮೇಲೆ ನನ್ನ ಕಡೆಯದು. ಎರಡೂ ಸೇರಿ 1,31,072 ಬೈಟ್. ಸೆಡ್ ತನ್ನೊಳಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಸಂಗ್ರಹ, ಅಂದರೆ ಬಫರ್, ಅದರ ಮೇಲೆ ಇನ್ನಷ್ಟು. ನನ್ನ ಒಂದು ಸಾಲು ಸರಾಸರಿ 60 ಬೈಟ್. ಐದು ವರ್ಷಕ್ಕೆ ಸುಮಾರು 1,10,000, ಹತ್ತು ವರ್ಷಕ್ಕೆ ಸುಮಾರು 2,19,000. ಕೂಡಿ ನೋಡಿದಾಗ ಲೆಕ್ಕ ಸರಿಹೋಯಿತು.

ಸಾಲಿನ ಉದ್ದವನ್ನೂ ನಾನು ಮೊದಲು ತಪ್ಪಾಗಿಯೇ ಎಣಿಸಿದ್ದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಸ್ವರದ ಗುಣಿತ ಚಿಹ್ನೆಯೂ ಬೇರೆಯದೇ ಸಂಕೇತ. ‘ಮೂಡಿಗೆರೆ’ ಕಣ್ಣಿಗೆ ನಾಲ್ಕು ಅಕ್ಷರ, ಒಳಗೆ ಎಂಟು ಸಂಕೇತ, 24 ಬೈಟ್. ಅದೇ ಹೆಸರು ಇಂಗ್ಲಿಷ್ ಲಿಪಿಯಲ್ಲಿ 8 ಬೈಟ್. ಇಂಗ್ಲಿಷ್ ಮಾದರಿ ಕಡತ ಇಟ್ಟುಕೊಂಡು ಪರೀಕ್ಷಿಸಿದರೆ ಈ ಬಿಕ್ಕಟ್ಟು ಸುಲಭವಾಗಿ ತಲೆ ಮರೆಸಿಕೊಳ್ಳುತ್ತದೆ.

ಪರಿಹಾರ ಒಂದೇ ಸಾಲಿನದು. ಬರೆಯುವುದು, ಓದುವುದು ಎರಡನ್ನೂ ನೀವೇ ಮಾಡಬೇಡಿ, ಪೋಪನ್‌ನ ಕಮ್ಯುನಿಕೇಟ್‌ಗೆ ಒಪ್ಪಿಸಿ. ಯಾವ ಪೈಪಿನಲ್ಲಿ ಜಾಗವಿದೆ, ಯಾವುದರಲ್ಲಿ ಸರಕು ಬಂದಿದೆ ಎಂದು ನೋಡುತ್ತಾ ಅದು ಎರಡೂ ಕೆಲಸವನ್ನು ಬೆರೆಸಿ ನಡೆಸುತ್ತದೆ. ಇನ್ನೂ ಸುಲಭವೆಂದರೆ ಸಬ್‌ಪ್ರೊಸೆಸ್‌ನ ರನ್. ಪಠ್ಯವನ್ನು ಅದರ ಇನ್‌ಪುಟ್ ಆರ್ಗ್ಯುಮೆಂಟಿಗೆ ಕೊಟ್ಟರೆ ಒಳಗೆ ಕಮ್ಯುನಿಕೇಟನ್ನೇ ಕರೆಯುತ್ತದೆ. ಎನ್‌ಕೋಡಿಂಗ್ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿಬಿಡಿ. ಕಮ್ಯುನಿಕೇಟ್, ರನ್ ಎರಡೂ ಎಲ್ಲವನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ, ಹಾಗಾಗಿ ಗಿಗಾಬೈಟ್ ಗಾತ್ರದ ಕಡತವಾದರೆ ಪೈಪ್ ಬಿಟ್ಟು ತೆರೆದ ಕಡತವನ್ನೇ ಸ್ಟ್ಯಾಂಡರ್ಡ್ ಇನ್‌ಪುಟ್ ಆಗಿ ಕೊಡಿ.

ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಎಂಬ ಪ್ರೋಗ್ರಾಂ ಕೂಡ ಹೀಗೆ ನಿಲ್ಲುವುದುಂಟು, ಆದರೆ ಅದರ ಕಾರಣ ಬೇರೆ. ಕೊನೆಯ ಸಾಲು ಬರುವವರೆಗೆ ಮೊದಲ ಸಾಲು ಯಾವುದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಇನ್‌ಪುಟ್ ಮುಚ್ಚದಿದ್ದರೆ ಐದೇ ಸಾಲಿಗೂ ಕಾಯುತ್ತಲೇ ಇರುತ್ತದೆ.

ಆಜ್ಞೆಯನ್ನು ಒಂದೇ ವಾಕ್ಯವಾಗಿ ಶೆಲ್‌ಗೆ (ಟೈಪ್ ಮಾಡಿದ ಆಜ್ಞೆಯನ್ನು ಓದಿ ನಡೆಸುವ ಪ್ರೋಗ್ರಾಂಗೆ) ಕೊಡದೆ ರನ್‌ಗೆ ಪದಗಳ ಪಟ್ಟಿಯಾಗಿ ಕೊಡಿ; ಕಡತದ ಹೆಸರಿನಲ್ಲಿ ಖಾಲಿ ಜಾಗವಿದ್ದರೂ ತೊಂದರೆಯಿಲ್ಲ.

ರನ್‌ನಲ್ಲಿ ಚೆಕ್ ಎಂಬ ಆಯ್ಕೆಯನ್ನು ಟ್ರೂ ಮಾಡಿದರೆ, ಕರೆದ ಪ್ರೋಗ್ರಾಂ 0 ಬಿಟ್ಟು ಬೇರೇನನ್ನು ಹಿಂದಿರುಗಿಸಿದರೂ ಪೈಥಾನ್ ದೋಷ ಎತ್ತುತ್ತದೆ. ಇದನ್ನು ನಂಬಿ ‘ಆಲಿಕಲ್ಲು’ ಇರುವ ಸಾಲುಗಳನ್ನು, ಪಠ್ಯದಲ್ಲಿ ಪದ ಹುಡುಕುವ ಗ್ರೆಪ್ ಎಂಬ ಪ್ರೋಗ್ರಾಂನಿಂದ ಹುಡುಕಿದೆ. ಗ್ರೆಪ್ ಏನೂ ಸಿಗದಿದ್ದರೆ 1, ನಿಜವಾದ ತಪ್ಪಾದರೆ 2 ಹಿಂದಿರುಗಿಸುತ್ತದೆ. ಆಲಿಕಲ್ಲು ಬೀಳದ ವರ್ಷಗಳಿಗೆಲ್ಲ ನನ್ನ ಪ್ರೋಗ್ರಾಂ ಮುರಿದುಬಿತ್ತು. ಗ್ರೆಪ್ ಮಟ್ಟಿಗೆ ಈಗ ಚೆಕ್ ತೆಗೆದು, ರಿಟರ್ನ್‌ಕೋಡ್ 1ಕ್ಕಿಂತ ಹೆಚ್ಚಿದೆಯೇ ಎಂದು ನಾನೇ ನೋಡುತ್ತೇನೆ.