ದನಿ ಇಲ್ಲದ ಹೂಂ

ಹೋದ ಸಲ ಆಲೆಮನೆ ಹೊತ್ತಿನಲ್ಲಿ ನನ್ನ ಅತ್ತಿಗೆ ಮೊದಲ ಬಾರಿ ತೊಡೆದೇವು ಎಂಬ ತೆಳ್ಳಗಿನ ಸಿಹಿತಿಂಡಿ ಮಾಡಿದಳು. ಅವಳು ಮೈಸೂರು ಕಡೆಯವಳು. ಮದುವೆಯಾಗಿ ಕಾರವಾರಕ್ಕೆ ಬಂದು ಎರಡು ವರ್ಷ ಆಗಿತ್ತಷ್ಟೆ. ಶಿರಸಿ ಹತ್ತಿರದ ನಮ್ಮ ಮೂಲಮನೆಯಿಂದ ಕಬ್ಬಿನ ಹಾಲು ತರಿಸಿಕೊಂಡಳು. ಮಡಕೆ ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಬಟ್ಟೆಯಿಂದ ಹಿಟ್ಟು ಎಳೆದಳು. ಮೊದಲ ಹತ್ತು ಹರಿದುಹೋದವು. ಹನ್ನೊಂದನೆಯದು ಸರಿಯಾಗಿ ಎದ್ದು ಬಂತು. ಅದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು.

ಊರಿನಿಂದ ದೊಡ್ಡಾಯಿಯ ಉತ್ತರ ಬಂತು. ಒಂದೇ ಶಬ್ದ, ಕೊನೆಗೊಂದು ಚುಕ್ಕಿ: "ಅಡ್ಡಿಲ್ಲೆ."

ಅತ್ತಿಗೆ ಮೂರು ದಿನ ಗ್ರೂಪಿನಲ್ಲಿ ಮಾತೇ ಆಡಲಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೆಳೆದವರಿಗೆ ಈ ಶಬ್ದದ ತೂಕ ಗೊತ್ತು. 'ಅಡ್ಡಿಲ್ಲೆ' ಅಂದರೆ ಒಪ್ಪಿಗೆ. 'ಅಡ್ಡಿಲ್ಲೆ' ಅಂದರೆ ಪರವಾಗಿಲ್ಲ, ನಡೆಯುತ್ತದೆ. ಕೊನೆಯ ಸ್ವರವನ್ನು ಸ್ವಲ್ಪ ಎಳೆದು, ತಲೆಯನ್ನು ಒಂದು ಕಡೆ ವಾಲಿಸಿ ಹೇಳಿದರೆ ಅದು ದೊಡ್ಡ ಹೊಗಳಿಕೆ. ನಮ್ಮ ದೊಡ್ಡಾಯಿ ಇದಕ್ಕಿಂತ ಜಾಸ್ತಿ ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ಅರ್ಥವೆಲ್ಲ ಇದ್ದದ್ದು ಆ ಎಳೆತದಲ್ಲಿ, ಆ ತಲೆ ವಾಲಿಸುವುದರಲ್ಲಿ. ಫೋನು ಕಾರವಾರಕ್ಕೆ ತಂದುಕೊಟ್ಟದ್ದು ಅಕ್ಷರ ಮಾತ್ರ.

ಆನ್‌ಲೈನ್ ಮಾತುಕತೆಯಲ್ಲಿ ಕಿರಿಕಿರಿ ಮಾಡುವ ಶಬ್ದಗಳ ಬಗ್ಗೆ ಯಾರನ್ನು ಕೇಳಿದರೂ ಒಂದು ಪಟ್ಟಿ ಸಿಗುತ್ತದೆ. ಬರೀ 'ಹೂಂ'. ಬರೀ 'ಕೆ'. ಒಂದು ಹೆಬ್ಬೆರಳು. ಬೆಳಿಗ್ಗೆ 'ಹಾಯ್' ಎಂದು ಕಳಿಸಿ, ವಿಷಯ ಹೇಳದೆ ಸಂಜೆವರೆಗೆ ಕಾಯಿಸುವುದು. 'ಇನ್ನು ನಿಮ್ಮಿಷ್ಟ.' ನಾವು ಇವನ್ನೆಲ್ಲ ಎದುರಿನವರ ಗುಣಕ್ಕೆ ಹಚ್ಚುತ್ತೇವೆ. ಅವರಿಗೆ ಸೊಕ್ಕು, ಅವರಿಗೆ ನಾವು ಬೇಡ ಅಂದುಕೊಳ್ಳುತ್ತೇವೆ. ಇದರಲ್ಲಿ ಹೆಚ್ಚಿನದು ಗುಣದ ತಪ್ಪಲ್ಲ, ದನಿ ಕಳೆದುಹೋದದ್ದರ ಪರಿಣಾಮ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಹಾಗೆ ಅನ್ನಿಸಲು ಕಾರಣಗಳಿವೆ.

2005ರಲ್ಲಿ ಅಮೆರಿಕದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು ಒಂದು ಸಂಶೋಧನೆ ಪ್ರಕಟಿಸಿದರು. ಕೆಲವು ವಾಕ್ಯಗಳನ್ನು ನಿಜವಾಗಿ, ಕೆಲವನ್ನು ವ್ಯಂಗ್ಯವಾಗಿ ಹೇಳಬೇಕು. ಕೆಲವನ್ನು ಈಮೇಲಿನಲ್ಲಿ, ಕೆಲವನ್ನು ದನಿಯಲ್ಲಿ. ಕೇಳುವವರು ಯಾವುದು ನಿಜ, ಯಾವುದು ವ್ಯಂಗ್ಯ ಎಂದು ಗುರುತಿಸಬೇಕು. ಹೇಳುವವರು ತಮ್ಮ ಮಾತು ನೂರಕ್ಕೆ 78 ಸಲ ಸರಿಯಾಗಿ ತಲುಪುತ್ತದೆ ಅಂದುಕೊಂಡಿದ್ದರು. ದನಿಯಲ್ಲಿ ಹೇಳಿದ್ದು 73 ಸಲ ತಲುಪಿತು. ಬರೆದದ್ದು 56 ಸಲ ಮಾತ್ರ. ಸುಮ್ನೆ ನಾಣ್ಯ ಚಿಮ್ಮಿ ಹೇಳಿದ್ದರೂ 50 ಸಲ ಸರಿಯಾಗುತ್ತಿತ್ತು. ಬರೆಯುವಾಗ ನಮ್ಮ ದನಿ ನಮ್ಮ ತಲೆಯೊಳಗೆ ಕೇಳುತ್ತಲೇ ಇರುತ್ತದೆ. ಓದುವವರಿಗೂ ಅದು ಕೇಳುತ್ತಿದೆ ಎಂದು ನಂಬಿಬಿಡುತ್ತೇವೆ.

ಈಗ 'ಹೂಂ' ವಿಷಯಕ್ಕೆ ಬರೋಣ. ಕನ್ನಡದಲ್ಲಿ ಇದಕ್ಕೊಂದು ಚೆಂದದ ಕ್ರಿಯಾಪದವೇ ಇದೆ: ಹೂಂಗುಟ್ಟುವುದು. ಚಿಕ್ಕವರಿದ್ದಾಗ ಜಗಲಿಯಲ್ಲಿ ಮಲಗಿ ಕತೆ ಕೇಳುವಾಗ ಅಮ್ಮಮ್ಮ ಮೊದಲೇ ಕರಾರು ಹಾಕುತ್ತಿದ್ದಳು. ಹೂಂಗುಡದಿದ್ದರೆ ಕತೆ ಇಲ್ಲ. ನಾವು 'ಹೂಂ' ಅನ್ನುವುದು ನಿಂತರೆ ಅವಳೂ ನಿಲ್ಲುತ್ತಿದ್ದಳು. ನಿದ್ದೆ ಬಂತಾ ಎಂದು ನೋಡುವುದಕ್ಕೆ ಹಾಗೆ ಮಾಡುತ್ತಿದ್ದಳು ಎಂದು ಆಗ ಅಂದುಕೊಂಡಿದ್ದೆ. ಹೂಂ ಇಲ್ಲದೆ ಅವಳಿಗೇ ಕತೆ ಮುಂದೆ ಹೋಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಯಕ್ಷಗಾನದಲ್ಲಿ ವೇಷಧಾರಿ ತನ್ನ ಹೆಸರು, ಊರು, ಪ್ರತಾಪ ಹೇಳಿಕೊಳ್ಳುವಾಗ ಭಾಗವತರು ನಡುನಡುವೆ ಒಂದೊಂದು ಸಣ್ಣ ಮಾತು ಸೇರಿಸುವುದನ್ನು ನೋಡಿದ್ದೀರಲ್ಲ? ಆ ಆಸರೆ ತೆಗೆದುಬಿಟ್ಟರೆ ಮಾತು ಸೊರಗುತ್ತದೆ.

ಇದನ್ನು ಅಳೆದು ನೋಡಿದವರು ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜಾನೆಟ್ ಬಾವೆಲಾಸ್ ಮತ್ತು ಜೊತೆಗಾರರು. 2000ದಲ್ಲಿ ಅವರ ಲೇಖನ ಬಂತು. ಒಬ್ಬರು ತಮ್ಮ ಬದುಕಿನಲ್ಲಿ ಸ್ವಲ್ಪದರಲ್ಲೇ ಪಾರಾದ ಘಟನೆಯೊಂದನ್ನು ಹೇಳಬೇಕು. ಇನ್ನೊಬ್ಬರು ಎದುರು ಕೂತು ಕೇಳಬೇಕು. ಕೆಲವು ಕೇಳುಗರಿಗೆ ಮಾತ್ರ ಗುಟ್ಟಾಗಿ ಬೇರೆ ಕೆಲಸ ಕೊಟ್ಟರು: ಕತೆಯಲ್ಲಿ 'ಟಿ' ಅಕ್ಷರದಿಂದ ಶುರುವಾಗುವ ಶಬ್ದ ಬಂದಾಗಲೆಲ್ಲ ಗುಂಡಿ ಒತ್ತಬೇಕು. ಅಂಥವರು ಕಿವಿಗೊಟ್ಟೇ ಕೂತಿದ್ದರು. ಆದರೆ ಅವರ ಹೂಂಗುಟ್ಟುವಿಕೆ ಕಡಿಮೆಯಾಯಿತು. 'ಅಯ್ಯೋ' ಅನ್ನಬೇಕಾದ ಕಡೆ ಅಯ್ಯೋ ಅನ್ನುವುದು, ಮುಖ ಹಿಂಡುವುದು ಹೆಚ್ಚುಕಡಿಮೆ ನಿಂತೇಹೋಯಿತು. ಹಾಗಾದಾಗ ಕತೆ ಹೇಳುವವರೇ ಎಡವಿದರು. ಮುಖ್ಯವಾದ ಕೊನೆಯ ಭಾಗಕ್ಕೆ ಬಂದಾಗ ತಡವರಿಸಿದರು, ಹೇಳಿದ್ದನ್ನೇ ಹೇಳಿದರು, ಅದು ಯಾಕೆ ಅಷ್ಟು ಅಪಾಯದ ಘಟನೆ ಎಂದು ಬಿಡಿಸಿ ಸಮರ್ಥಿಸಿಕೊಳ್ಳತೊಡಗಿದರು. ಕೇಳುವವರು ಕತೆಯ ಅರ್ಧ ಪಾಲುದಾರರು ಅನ್ನುವುದು ಇದರಿಂದ ಗೊತ್ತಾಯಿತು.

ಬಾಯಲ್ಲಿ ಹೇಳುವ ಹೂಂ ನಡುವೆ ಬರುತ್ತದೆ. ಹೇಳುವವರ ಮಾತನ್ನು ತಡೆಯದೆ, ಅದರ ಕೆಳಗೇ ಸಾಗುತ್ತದೆ. 'ಹೇಳು, ಕೇಳ್ತಾ ಇದ್ದೇನೆ' ಎಂದು ಅದರ ಅರ್ಥ. ತೆರೆಯ ಮೇಲೆ ಅದಕ್ಕೆ ನಡುವೆ ಬರುವ ದಾರಿಯೇ ಇಲ್ಲ. ನಾವು ಬರೆದು ಮುಗಿಸಿ ಕಳಿಸಿದ ಮೇಲೆ, ಒಂದು ಪೂರ್ತಿ ಉತ್ತರದ ಜಾಗದಲ್ಲಿ, ಒಂಟಿಯಾಗಿ ಬಂದು ಕೂರುತ್ತದೆ. ಆಗ ಅದರ ಅರ್ಥ 'ಮುಗೀತಲ್ಲ?' ಎಂದು ಆಗಿಬಿಡುತ್ತದೆ. ಮುಂದೆ ಹೇಳು ಎನ್ನುವ ಶಬ್ದವೇ ಬಾಯಿ ಮುಚ್ಚಿಸುವ ಶಬ್ದವಾಗುತ್ತದೆ. ಕಳಿಸಿದವರಿಗೆ ಅದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅವರ ಕಿವಿಯಲ್ಲಿ ಜಗಲಿಯ ಹೂಂ ಇರುತ್ತದೆ.

ದೊಡ್ಡಾಯಿ ಕೊನೆಗೆ ಇಟ್ಟ ಆ ಚುಕ್ಕಿಗೂ ಒಂದು ಕತೆ ಇದೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಸಿಲೀಯ ಕ್ಲಿನ್ ಅವರ ತಂಡ 126 ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಉತ್ತರಗಳನ್ನು ಓದಲು ಕೊಟ್ಟಿತು. ಫೋನಿನ ಸಂದೇಶದಲ್ಲಿ ಕೊನೆಗೆ ಚುಕ್ಕಿ ಇದ್ದರೆ ಉತ್ತರದಲ್ಲಿ ಮನಸ್ಸಿಲ್ಲ ಎಂದು ಓದುಗರಿಗೆ ಅನ್ನಿಸಿತು. ಅದೇ ಮಾತು ಕೈಬರಹದ ಚೀಟಿಯಲ್ಲಿದ್ದಾಗ ಆ ವ್ಯತ್ಯಾಸ ಕಾಣಲಿಲ್ಲ. ಆ ಪರೀಕ್ಷೆ ನಡೆದದ್ದು ಇಂಗ್ಲಿಷಿನಲ್ಲಿ. ಆದರೂ ದೊಡ್ಡಾಯಿಯನ್ನು ನೆನೆದರೆ ನನಗೆ ಅದು ಸರಿ ಅನ್ನಿಸುತ್ತದೆ. ವಾಕ್ಯ ಮುಗಿದರೆ ಚುಕ್ಕಿ ಇಡಬೇಕು ಎಂದು ಶಾಲೆಯಲ್ಲಿ ಕಲಿತವಳು ಅವಳು. ಅವಳ ಇನ್‌ಲ್ಯಾಂಡ್ ಪತ್ರಗಳೆಲ್ಲ 'ಇತ್ತ ಎಲ್ಲರೂ ಕ್ಷೇಮ' ಎಂದು ಶುರುವಾಗುತ್ತಿದ್ದವು. ದನಿ ಇಲ್ಲದ ಕೊರತೆಯನ್ನು ಆ ಸಾಲುಗಳು ತುಂಬುತ್ತಿದ್ದವು ಎಂದು ಈಗ ತಿಳಿಯುತ್ತದೆ.

ಇನ್ನು ನೀಲಿ ಗೆರೆ. ಸಂದೇಶ ಓದಿದ್ದನ್ನು ತೋರಿಸುವ ಈ ಜೋಡಿ ಗುರುತು ವಾಟ್ಸಾಪಿಗೆ ಬಂದದ್ದು 2014ರ ನವೆಂಬರಿನಲ್ಲಿ. ಇದರಿಂದ ಆದ ಮನಸ್ತಾಪಗಳಿಗೆ ಲೆಕ್ಕವಿಲ್ಲ, ಅಲ್ವಾ? ತಾನ್ಯಾ ಸ್ಟಿವರ್ಸ್ ಮತ್ತು ಸಂಗಡಿಗರು 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದರು. ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಸರಾಸರಿ 200 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ ಸಾಕಾಗುತ್ತಿತ್ತು. ಒಪ್ಪುವ ಉತ್ತರ ಬೇಗ ಬರುತ್ತಿತ್ತು, ಒಪ್ಪದ ಉತ್ತರ ತಡವಾಗುತ್ತಿತ್ತು. ತಡವಾದರೆ 'ಇಲ್ಲ' ಎಂದು ಅರ್ಥ ಮಾಡಿಕೊಳ್ಳುವುದು ನಮಗೆ ಮಾತಿನ ಜೊತೆಗೇ ಬಂದ ಅಭ್ಯಾಸ. ಆ ಅಭ್ಯಾಸವನ್ನೇ ಹಿಡಿದುಕೊಂಡು ನಾವು ನೀಲಿ ಗೆರೆ ನೋಡುತ್ತಾ ಎರಡು ತಾಸು ಕಾಯುತ್ತೇವೆ. ಅತ್ತ ಘಟ್ಟದ ಮೇಲಿನ ಮನೆಯಲ್ಲಿ ಏನಾಗಿರುತ್ತದೆ? ಮಳೆಗೆ ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದಿರುತ್ತದೆ. ಇಲ್ಲವೇ ಸಿಗ್ನಲ್ ಸಿಗುವ ಒಂದೇ ಕಿಟಕಿಯಲ್ಲಿ ಫೋನಿಟ್ಟು, ಸಂದೇಶ ಓದಿ, ಆಮೇಲೆ ಬರೆದರಾಯಿತು ಎಂದು ತೋಟಕ್ಕೆ ಹೋಗಿರುತ್ತಾರೆ.

ಜಗಳ ಶುರುವಾದ ಮೇಲೆ ಬರುವ 'ಸ್ವಲ್ಪ ತಣ್ಣಗಾಗಿ' ಬೇರೆಯೇ ಜಾತಿಯದು. ನನ್ನ ಸಿಟ್ಟಿನ ಮೇಲಿನ ಹಕ್ಕನ್ನು ಯಾರೋ ಕಸಿದುಕೊಂಡ ಹಾಗೆ ಆಗುತ್ತದೆ, ಸಿಟ್ಟು ಏರುತ್ತದೆ. ಸ್ವಾತಂತ್ರ್ಯಕ್ಕೆ ಧಕ್ಕೆ ಬಂತು ಅನ್ನಿಸಿದಾಗ ಮನಸ್ಸು ಎದುರು ನಿಲ್ಲುವ ಈ ಗುಣವನ್ನು ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲೇ ವಿವರಿಸಿದ್ದರು. ಇಸ್ರೇಲಿನ ಇಬ್ಬರು ಸಂಶೋಧಕರು 2012ರಲ್ಲಿ ಇನ್ನೊಂದು ವಿಷಯ ಕಂಡುಕೊಂಡರು. ಚಾಟಿನಲ್ಲಿ ಮಾತು ಹದ ತಪ್ಪಲು ಹೆಸರು ಗೊತ್ತಿಲ್ಲದಿರುವುದಕ್ಕಿಂತ, ಕಣ್ಣಿಗೆ ಕಣ್ಣು ಸೇರದಿರುವುದೇ ದೊಡ್ಡ ಕಾರಣ. ಸ್ವಂತ ಅಣ್ಣತಮ್ಮಂದಿರ ಗ್ರೂಪಿನಲ್ಲೂ ಯಾಕೆ ಬೈಗುಳ ಹಾರುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಶೋಧನೆ 'ಆಂ?' ಎನ್ನುವ ಶಬ್ದದ್ದು. ಮಾರ್ಕ್ ಡಿಂಗೆಮಾನ್ಸ ಮತ್ತು ಸಂಗಡಿಗರು ಒಂದಕ್ಕೊಂದು ಸಂಬಂಧವಿಲ್ಲದ ಭಾಷೆಗಳನ್ನೂ ಸೇರಿಸಿ 31 ಭಾಷೆಗಳಲ್ಲಿ ಹುಡುಕಿದರು. ಕೇಳಿಸದಿದ್ದಾಗ ಅನ್ನುವ ಶಬ್ದ ಎಲ್ಲೆಡೆ ನಮ್ಮ 'ಆಂ?' ಥರವೇ ಇತ್ತು. 2015ರಲ್ಲಿ 12 ಭಾಷೆಗಳ ಮಾತುಕತೆಯನ್ನು ಅಳೆದಾಗ, ಸರಾಸರಿ 1.4 ನಿಮಿಷಕ್ಕೊಮ್ಮೆ ಯಾರಾದರೊಬ್ಬರು 'ಆಂ?', 'ಯಾರು?', 'ಹಾಗಂದ್ರೆ?' ಎಂದು ಕೇಳಿ ಮಾತನ್ನು ಸರಿಮಾಡಿಕೊಳ್ಳುತ್ತಿದ್ದರು. ಎದುರಾಬದುರು ಕೂತಾಗಲೂ ನಾವು ಇಷ್ಟು ಸಲ ತಪ್ಪಿ ತಿದ್ದಿಕೊಳ್ಳುತ್ತೇವೆ. ಫೋನಿನಲ್ಲಿ ಬರೆಯುವಾಗ ಮಾತ್ರ ತಿದ್ದಿಕೊಳ್ಳಲು ಹೋಗುವುದಿಲ್ಲ. 'ಅಂದ್ರೆ?' ಎಂದು ಬರೆದರೆ ಅದೇ ಜಗಳಕ್ಕೆ ಕರೆದ ಹಾಗೆ ಕಾಣುತ್ತದೆ. ಹಾಗಾಗಿ ಕೇಳದೆ ಸುಮ್ಮನಾಗುತ್ತೇವೆ. ಖಾಲಿ ಬಿಟ್ಟ ಅರ್ಥವನ್ನು ನಮ್ಮ ಅನುಮಾನವೇ ತುಂಬುತ್ತದೆ.

ನಾಲ್ಕನೇ ದಿನ ಅತ್ತಿಗೆ ನನ್ನ ಹತ್ತಿರ ವಿಷಯ ತೆಗೆದಳು. ಅಷ್ಟು ಕಷ್ಟಪಟ್ಟಿದ್ದಕ್ಕೆ ಬರೀ 'ಪರವಾಗಿಲ್ಲ' ಅಂದುಬಿಟ್ಟರಲ್ಲ ಎಂದಳು. ನಾನು ಅರ್ಥ ಬಿಡಿಸಿ ಹೇಳುವ ಬದಲು ಅಲ್ಲೇ ದೊಡ್ಡಾಯಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ.

"ದೊಡ್ಡಾಯಿ, ಅಡ್ಡಿಲ್ಲೆ ಅಂದ್ರೆ ಹೇಗೆ? ಚೆನ್ನಾಗಿ ಆಗಿಲ್ವಾ?"

"ಆಂ?" ಎಂದಿತು ಆ ಕಡೆಯ ದನಿ. ಆಮೇಲೆ, "ಚೊಲೋ ಆಜು ಹೇಳೇ ಬರದ್ದು ತಂಗೀ, ಅಡ್ಡಿಲ್ಲ್ಯೇ..." ಎಂದು ಉದ್ದಕ್ಕೆ ಎಳೆಯಿತು. ಚೆನ್ನಾಗಿ ಆಗಿದೆ ಎಂದೇ ಬರೆದದ್ದಂತೆ. ಹಿಂದೆಯೇ, ಅಕ್ಕಿ ಎಷ್ಟು ಹೊತ್ತು ನೆನೆಸಿದ್ದು, ಹಿಟ್ಟು ಎಷ್ಟು ತೆಳ್ಳಗೆ ಮಾಡಿದ್ದು ಎಂದು ವಿಚಾರಣೆ ಶುರುವಾಯಿತು. ಅತ್ತಿಗೆ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು. ತುಂಬಾ ಹೊತ್ತು ಅಲ್ಲಿಂದ ಹೂಂ, ಹೂಂ ಎನ್ನುವುದು ಕೇಳುತ್ತಿತ್ತು.