ಲಾಭ ತರುವ ಕೀವರ್ಡ್ ಆರಿಸುವುದು: ಇಳಕಲ್ ಸೀರೆ ಹಿಡಿದು ಒಂದು ಟಿಪ್ಪಣಿ

ಜನ ಗೂಗಲ್‌ನಲ್ಲಿ ಒತ್ತುವ ಪದಗಳಲ್ಲಿ ನಮ್ಮ ಜಾಹೀರಾತಿಗಾಗಿ ನಾವು ಆರಿಸಿಕೊಳ್ಳುವುದೇ ಕೀವರ್ಡ್. ಅದನ್ನು ಹುಡುಕಿದವರು ನಮ್ಮ ಜಾಹೀರಾತನ್ನು ಒತ್ತಿದಾಗಲೆಲ್ಲ, ಅಂದರೆ ಪ್ರತಿ ಕ್ಲಿಕ್ಕಿಗೆ, ನಾವು ಹಣ ಕೊಡಬೇಕು. ಕೀವರ್ಡ್ ಪಾಠ ಶುರುವಾದ ಕೂಡಲೇ ನಮ್ಮ ಕಣ್ಣು ಹೋಗುವುದು ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಎಂಬ ಅಂಕಿಯ ಮೇಲೆ. ಆ ಅಂಕಿಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಒಂದು ಕ್ಲಿಕ್ಕಿಗೆ ನಮ್ಮ ಕೈಯಿಂದ ಎಷ್ಟು ಹಣ ಹೋದರೆ ತಾಳಿಕೊಳ್ಳಬಹುದು ಎಂಬ ಲೆಕ್ಕ ಮೊದಲು ಆಗಬೇಕು, ಪದ ಹುಡುಕುವುದು ಆಮೇಲೆ.

ಇಳಕಲ್ ಸೀರೆಯನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇವೆ ಎಂದುಕೊಳ್ಳೋಣ. ನೇಕಾರರ ದುಡ್ಡು, ಪ್ಯಾಕಿಂಗ್, ಕೊರಿಯರ್, ವಾಪಸ್ ಬಂದ ಸೀರೆಗಳ ಖರ್ಚು ಎಲ್ಲ ಕಳೆದು ಒಂದು ಸೀರೆಗೆ 600 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ‘ಇಳಕಲ್ ಸೀರೆ’ ಎಂದು ಹುಡುಕಿ ಬಂದ 100 ಜನರಲ್ಲಿ 2 ಜನ ಕೊಂಡರೆ ಉಳಿಯುವುದು 1200 ರೂಪಾಯಿ. ಅಂದರೆ ಒಂದು ಕ್ಲಿಕ್ಕಿಗೆ 12 ರೂಪಾಯಿ ಕೊಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಉಳಿದದ್ದರಲ್ಲಿ ಅರ್ಧವಾದರೂ ಕೈಗೆ ಬರಬೇಕೆಂದರೆ 6 ರೂಪಾಯಿಯೇ ಗಡಿ.

ಈಗ ‘ಗುಳೇದಗುಡ್ಡ ಖಣದ ಜೊತೆ ಇಳಕಲ್ ಸೀರೆ’ ಎಂದು ಹುಡುಕುವವರನ್ನು ನೋಡಿ. ಇವರ ಸಂಖ್ಯೆ ತೀರಾ ಕಡಿಮೆ. ಆದರೆ ಕುಪ್ಪಸದ ಬಟ್ಟೆ ಯಾವ ಊರಿನದಿರಬೇಕು ಎಂಬುದನ್ನೂ ತೀರ್ಮಾನಿಸಿಕೊಂಡೇ ಬಂದವರು. ಇಂಥ 100 ಜನರಲ್ಲಿ 5 ಜನ ಕೊಂಡರೆ ಅದೇ ಸೀರೆಗೆ ಲಾಭವೂ ನಷ್ಟವೂ ಇಲ್ಲದ ದರ 12ರಿಂದ 30 ರೂಪಾಯಿಗೆ, ಅರ್ಧ ಉಳಿಸಿಕೊಳ್ಳುವ ಗಡಿ 6ರಿಂದ 15 ರೂಪಾಯಿಗೆ ಏರುತ್ತದೆ. ಸೀರೆ ಬದಲಾಗಲಿಲ್ಲ, ಅದರ ಮೇಲಿನ ಲಾಭವೂ ಬದಲಾಗಲಿಲ್ಲ, ಪದ ಮಾತ್ರ ಬದಲಾಯಿತು. ನನಗೆ ಈ ವಿಷಯ ನಿಜವಾಗಿ ಅರ್ಥವಾದದ್ದು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿದ ದಿನ. ನೀವೂ ನಿಮ್ಮ ಸರಕಿನ ಲೆಕ್ಕ ಹಾಕಿ ನೋಡಿ.

ಹುಡುಕುವವರ ಉದ್ದೇಶದ ಬಗ್ಗೆ 2002ರಲ್ಲಿ ಕಂಪ್ಯೂಟರ್ ವಿಜ್ಞಾನಿ ಆಂಡ್ರೇ ಬ್ರೋಡರ್ ಮಾಡಿದ ವಿಂಗಡಣೆ ಇಂದಿಗೂ ಉಪಯೋಗಕ್ಕೆ ಬರುತ್ತದೆ: ತಿಳಿದುಕೊಳ್ಳಲು ಹುಡುಕುವುದು, ಗೊತ್ತಿರುವ ತಾಣಕ್ಕೇ ಹೋಗಲು ಹುಡುಕುವುದು, ಏನಾದರೂ ಕೆಲಸ ಮುಗಿಸಲು ಹುಡುಕುವುದು. ‘ಇಳಕಲ್ ಸೀರೆ ಇತಿಹಾಸ’ ಮೊದಲನೆಯದು. ಅದಕ್ಕೆ ಜಾಹೀರಾತಿನ ದುಡ್ಡು ಸುರಿಯಬೇಡಿ, ಒಳ್ಳೆಯ ಲೇಖನ ಬರೆಯಿರಿ.

ಇನ್ನು ಕಾಗುಣಿತ. ಇದಕ್ಕೆ ಎಷ್ಟು ಗಮನ ಕೊಟ್ಟರೂ ಸಾಲದು. ನಮ್ಮ ಬಾಯಲ್ಲಿ ಅದು ‘ಇಳಕಲ್’, ಮರಾಠಿ ಮಾತಾಡುವವರ ಬಾಯಲ್ಲಿ ‘ಇರಕಲ್’. ಮಹಾರಾಷ್ಟ್ರದಲ್ಲಿ ಈ ಸೀರೆ ಉಡುವವರು ಬಹಳ. ಅವರ ಪದ ನಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರು ನಮ್ಮ ಕಣ್ಣಿಗೇ ಬೀಳದೆ ಹೋಗಬಹುದು. ನಮ್ಮವರೇ ಮೊಬೈಲಿನಲ್ಲಿ ಹೆಚ್ಚಾಗಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ, ಅದರಲ್ಲೂ ಒಬ್ಬೊಬ್ಬರದು ಒಂದೊಂದು ರೀತಿ. ಯಾವ ರೂಪಗಳು ಬಳಕೆಯಲ್ಲಿವೆ ಎಂದು ತಿಳಿಯಲು ಗೂಗಲ್‌ನಲ್ಲಿ ಅರ್ಧ ಪದ ಒತ್ತಿ ನಿಲ್ಲಿಸಿ, ಕೆಳಗೆ ಬರುವ ಸಲಹೆಗಳನ್ನು ಬರೆದುಕೊಳ್ಳಿ. ದಿನವೂ ತನ್ನಲ್ಲಿ ನಡೆಯುವ ಹುಡುಕಾಟಗಳಲ್ಲಿ ಸುಮಾರು 15% ಹಿಂದೆಂದೂ ಬಾರದೇ ಇದ್ದವು ಎಂದು ಗೂಗಲ್ ಹೇಳುತ್ತದೆ. ಹಾಗಾಗಿ ಪಟ್ಟಿ ಎಂದೂ ಪೂರ್ತಿಯಾಗುವುದಿಲ್ಲ.

ಅಂಕಿ ನೋಡಲು ಕೀವರ್ಡ್ ಪ್ಲಾನರ್ ಸಾಕು. ಅದು ಗೂಗಲ್‌ನ ಜಾಹೀರಾತು ಸೇವೆಯಾದ ಗೂಗಲ್ ಆ್ಯಡ್ಸ್‌ನೊಳಗಿನ ಉಚಿತ ಸಾಧನ. ಖಾತೆಯಲ್ಲಿ ಖರ್ಚು ಮಾಡದವರಿಗೆ ಅದು ನಿಖರ ಸಂಖ್ಯೆ ಬದಲು 1,000ದಿಂದ 10,000 ಎಂಬಂಥ ಅಗಲವಾದ ಅಂದಾಜನ್ನಷ್ಟೇ ತೋರಿಸುತ್ತದೆ. ಅಲ್ಲಿನ ‘ಸ್ಪರ್ಧೆ’ ಎಂಬ ಕಾಲಂ ಹೇಳುವುದು ಜಾಹೀರಾತುದಾರರ ಪೈಪೋಟಿಯನ್ನು. ಲೇಖನ ಬರೆದು ಹುಡುಕಾಟದ ಫಲಿತಾಂಶಗಳಲ್ಲಿ ಮೇಲೆ ಬರುವುದು ಎಷ್ಟು ಕಷ್ಟ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಪುಟದ ಮೇಲ್ಭಾಗದ ಬಿಡ್ ಎಂದು, ಅಂದರೆ ಫಲಿತಾಂಶದ ಪುಟದಲ್ಲಿ ಮೇಲೆ ಕಾಣಲು ಜಾಹೀರಾತುದಾರರು ಒಂದು ಕ್ಲಿಕ್ಕಿಗೆ ಕೂಗುವ ಹಣ ಎಂದು, ಕೆಳಗಿನ ಮತ್ತು ಮೇಲಿನ ದರ ಕೊಟ್ಟಿರುತ್ತಾರೆ. ಕೆಳಗಿನ ದರವೇ ನಮ್ಮ ಗಡಿ ದಾಟಿದ್ದರೆ ಆ ಪದ ಸದ್ಯಕ್ಕೆ ನಮ್ಮದಲ್ಲ.

ಪದ ಆರಿಸಿದ ಮೇಲೆ ಅದನ್ನು ಎಷ್ಟು ಸಡಿಲ ಬಿಡುತ್ತೀರಿ ಎಂಬುದೂ ಮುಖ್ಯ. ಗೂಗಲ್ ಆ್ಯಡ್ಸ್‌ನಲ್ಲಿ ಬ್ರಾಡ್ (ಪದಕ್ಕೆ ಸಂಬಂಧಪಟ್ಟ ಹುಡುಕಾಟಗಳಿಗೂ), ಫ್ರೇಸ್ (ಪದದ ಅರ್ಥ ಒಳಗೊಂಡ ಹುಡುಕಾಟಗಳಿಗೆ), ಎಕ್ಸಾಕ್ಟ್ (ಅದೇ ಅರ್ಥದ ಹುಡುಕಾಟಗಳಿಗಷ್ಟೇ) ಎಂದು ಮೂರು ಬಗೆಯ ಹೊಂದಾಣಿಕೆ ಇದೆ, ನಾವು ಏನೂ ಹೇಳದಿದ್ದರೆ ಅದು ಬ್ರಾಡ್. ಇಳಕಲ್ ಊರು ಕೆಂಪು ಗ್ರಾನೈಟ್‌ಗೂ ಹೆಸರುವಾಸಿ. ಬರೀ ‘ಇಳಕಲ್’ ಎಂದು ಬ್ರಾಡ್‌ನಲ್ಲಿ ಬಿಟ್ಟರೆ ನೆಲಕ್ಕೆ ಕಲ್ಲು ಹುಡುಕುವವರ ಎದುರೂ ನಮ್ಮ ಸೀರೆಯ ಜಾಹೀರಾತು ನಿಲ್ಲಬಹುದು. ಆದ್ದರಿಂದ ‘ಗ್ರಾನೈಟ್’ ಅನ್ನು ನೆಗೆಟಿವ್ ಕೀವರ್ಡ್, ಅಂದರೆ ಹುಡುಕಾಟದಲ್ಲಿ ಇದ್ದರೆ ಜಾಹೀರಾತು ಬರದಂತೆ ತಡೆಯುವ ಪದ, ಮಾಡಬೇಕು. ಕೈಮಗ್ಗದ ಸೀರೆಯನ್ನಷ್ಟೇ ಮಾರುವುದಾದರೆ ‘ಪವರ್‌ಲೂಮ್’ ಕೂಡ. ನೆಗೆಟಿವ್ ಪದ ಸಮಾನಾರ್ಥಕ ಪದಗಳನ್ನು ತಾನಾಗಿ ತಡೆಯುವುದಿಲ್ಲ, ‘ಕಲ್ಲು’, ‘ಸ್ಲ್ಯಾಬ್’ ಎಲ್ಲವನ್ನೂ ಬೇರೆ ಬೇರೆಯಾಗಿ ಸೇರಿಸಬೇಕು.

ಜಾಹೀರಾತು ಓಡಲು ಶುರುವಾದ ಮೇಲೆ ವಾರಕ್ಕೊಮ್ಮೆ ಸರ್ಚ್ ಟರ್ಮ್ಸ್ ವರದಿ ತೆರೆಯಿರಿ. ಜನ ನಿಜವಾಗಿ ಒತ್ತಿದ ಪದಗಳು ಅಲ್ಲಿರುತ್ತವೆ. ‘ಗೋಮಿ ದಡಿ’, ‘ಚಿಕ್ಕಿ ಪರಾಸ್’, ‘ಟೋಪ ತೆನಿ ಸೆರಗು’ ಎಂದು ದಡಿ, ಸೆರಗುಗಳ ಹೆಸರು ಹಿಡಿದೇ ಹುಡುಕಿದವರು ಅಲ್ಲಿ ಕಂಡರೆ ಆ ಪದವನ್ನು ಅಂದೇ ಎಕ್ಸಾಕ್ಟ್ ಮಾಡಿ, ಆ ದಡಿಯನ್ನೇ ಹತ್ತಿರದಿಂದ ತೆಗೆದ ಫೋಟೋ ಇರುವ ಪುಟಕ್ಕೆ ಜೋಡಿಸಿ.